ಒಂದು ಸಲ ಮಿಟುಕಿಸಿದರೆ ಹೌದು

"ಅಪ್ಪನ್ನ ಸಾಯೋಕೆ ಬಿಡ್ತಿದೀರಲ್ಲ, ನಾಚಿಕೆ ಆಗಲ್ವಾ?"

ಕೋಳಿಕ್ಕೋಡಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ರೈಹಾನ ಹೀಗೆ ಗದರಿದಾಗ ಪಕ್ಕದ ಮಂಚದ ರೋಗಿಯೂ ಎದ್ದು ಕೂತ.

ಶಮೀಲ್ ಮಾತ್ರ ತನ್ನ ಉಪ್ಪಾನ, ಅಂದರೆ ತಂದೆಯ, ಬಾಯಂಚು ಒರೆಸುತ್ತಲೇ ಇದ್ದ. ಬೇಪೂರಿನಲ್ಲಿ ಮರದ ಹಡಗು ಕಟ್ಟುತ್ತಿದ್ದ ಕುಂಞಾಲಿಯವರ ನರಗಳು ಸೋತು ಕೈಕಾಲು, ಮಾತು ಎಲ್ಲ ನಿಂತಿದ್ದವು. ಈಗ ಉಸಿರಿನ ಸರದಿ. ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಜೋಡಿಸಬೇಕೆಂದು ರೈಹಾನಳ ಹಟ.

"ಉಪ್ಪಾಗೆ ಬೇಡವಂತೆ ಡಾಕ್ಟರೇ. ಅವರನ್ನೇ ಕೇಳಿ."

"ಮಾತೇ ಬಾರದವರನ್ನ ಏನಂತ ಕೇಳ್ಲಿ?"

ಮಂಚದ ಮೇಲೆ ಎರಡು ಕಣ್ಣು ತೆರೆದೇ ಇದ್ದವು. ಅವಳು ನೋಡಲಿಲ್ಲ.

'ಇಷ್ಟು ಮೃದುವಾದ ಕೈ, ಇಷ್ಟು ಕಲ್ಲು ಮನಸ್ಸು!' ಎಂದು ಶಮೀಲನನ್ನು ನೋಡಿ ಅಂದುಕೊಂಡಳು. ಆ ಕೈಗಳನ್ನೇಕೆ ಗಮನಿಸಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅವಳ ದೂರು ಆಸ್ಪತ್ರೆಯ ನೈತಿಕ ಸಮಿತಿಗೆ ಹೋಯಿತು. ಸಭೆಗೆ ಚಹಾ ಬಂತು, ಬಾಳೆಹಣ್ಣು ಕರಿದ ಪಳಂಪೊರಿ ಬಂತು, ವಕೀಲರೂ ಬಂದರು. "ಮಗನಿಗೆ ಅಪ್ಪ ಹೊರೆಯಾಗಿದಾರೆ," ಎಂದು ರೈಹಾನ ವಾದಿಸಿದಳು.

ವಯಸ್ಸಾದ ಅಧ್ಯಕ್ಷೆ ಬೆರಳಿನ ಎಣ್ಣೆ ಒರೆಸಿಕೊಂಡರು. "ಎಲ್ಲ ಸರಿ ಮಗಳೇ... ರೋಗಿ ಏನಂತಾರೆ?"

ಸಭೆ ಅಗಿಯುವುದನ್ನು ನಿಲ್ಲಿಸಿತು.

ಎಲ್ಲರೂ ಮಂಚದ ಬಳಿ ಬಂದರು. "ಒಂದು ಸಲ ಮಿಟುಕಿಸಿದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ," ಎಂದು ಹೇಳಿ ಶಮೀಲ್ ತಾನಾಗಿಯೇ ಹೊರಗೆ ಹೋಗಿ ನಿಂತ.

"ನೀನೇ ಕೇಳು," ಎಂದರು ಅಧ್ಯಕ್ಷೆ, ರೈಹಾನಳಿಗೆ.

"ಉಪ್ಪಾ... ಯಂತ್ರ ಬೇಕಾ?"

ಎರಡು ಸಲ.

"ಹಾಕದಿದ್ರೆ ಉಸಿರು ನಿಲ್ಲುತ್ತೆ. ಗೊತ್ತಾ?"

ಒಂದು ಸಲ.

"ಯಾರಾದ್ರೂ ಬಲವಂತ ಮಾಡ್ತಿದಾರಾ?"

ಒಂದು ಸಲ!

"ಮಗನಾ?"

ಎರಡು ಸಲ. ಆಮೇಲೆ ಆ ಕಣ್ಣುಗಳು ಅವಳಲ್ಲೇ ನೆಟ್ಟವು.

"...ನಾನಾ?"

ಒಂದು ಸಲ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಕುಂಞಾಲಿ ಮನೆಗೆ ಮರಳಿದರು. ಮನೆಮನೆಗೆ ಹೋಗಿ ಏದುಸಿರಿಗೆ ಔಷಧಿ ಕೊಡುವ ತಂಡಕ್ಕೆ ರೈಹಾನ ತಾನಾಗಿ ಸೇರಿದಳು. ಬಂದಾಗಲೆಲ್ಲ ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ.

ಒಂದು ಸಂಜೆ ಶಮೀಲ್ ಸುಲೈಮಾನಿ ಚಹಾ ತಂದಿಟ್ಟ.

"ಶಮೀಲ್... ಅವತ್ತು ನಾನು ಅಂದಿದ್ದು..."

"ಮರೆತೆ ಅಂದ್ರೆ ಸುಳ್ಳಾಗುತ್ತೆ. ನೋವಾಗಿತ್ತು." ಅವನು ತಂದೆಯ ಹೊದಿಕೆ ಸರಿಪಡಿಸಿದ. "ಆದ್ರೆ ನೀವು ಬರೋ ದಿನ ಉಪ್ಪ ಬೆಳಗ್ಗೆಯಿಂದ ಬಾಗಿಲನ್ನೇ ನೋಡ್ತಿರ್ತಾರೆ. ನಾನೂ... ಈ ಮನೆಗೇ ಬಂದುಬಿಡ್ತೀರಾ?"

ಅವಳು ಲೋಟ ಕೆಳಗಿಟ್ಟಳು.

"ಮೊದಲು ಅವರನ್ನ ಕೇಳ್ಬೇಕು," ಎಂದು ಮಂಚದ ಪಕ್ಕ ಮಂಡಿಯೂರಿದಳು. "ಉಪ್ಪಾ, ನಾನು..."

ಪ್ರಶ್ನೆ ಮುಗಿಯುವ ಮೊದಲೇ ಕುಂಞಾಲಿ ಮಿಟುಕಿಸಿದರು. ಒಂದು ಸಲ.

"ಇನ್ನು ನಿಮ್ದು?" ಶಮೀಲನ ದನಿ ಮೆತ್ತಗಿತ್ತು. "ತಲೆ ತಗ್ಗಿಸಿದ್ರೆ ನಮ್ಮನೇಲಿ ಉತ್ತರ ಗೊತ್ತಾಗಲ್ಲ, ಡಾಕ್ಟರೇ."

ರೈಹಾನ ಕಣ್ಣೆತ್ತಿದಳು. ಒಂದೇ ಒಂದು ಸಲ ಮಿಟುಕಿಸಿದಳು. ಅಷ್ಟು ದಿನ ತಡೆದಿಟ್ಟ ನೀರು ಆಗ ಇಳಿಯಿತು.