ಹೆಳಲಿಗೆ ಹೂ ಮುಡಿಸುವ ಮೊದಲು

"ಕೂದ್ಲ ಉದುರೋದಕ್ಕ ಏನರ ಗುಳಿಗಿ ಇದ್ರ ಕೊಡ್ರಿ…"

ಇಷ್ಟು ಕೇಳುವುದಕ್ಕೆ ಮಲ್ಲೇಶ್ವರಿ ಕುಷ್ಟಗಿ ಬಸ್‌ಸ್ಟ್ಯಾಂಡ್ ಎದುರಿನ ಮೆಡಿಕಲ್ ಶಾಪಿನ ಮುಂದೆ ಮೂರು ಸಲ ಅತ್ತಿಂದಿತ್ತ ಓಡಾಡಿದ್ದಳು. ಮುಖಕ್ಕೆ ಸ್ಕಾರ್ಫ್ ಸುತ್ತಿ ಕಣ್ಣೆರಡನ್ನೇ ಹೊರಗೆ ಬಿಟ್ಟಿದ್ದಳು. ಅವಳ ಊರು ಮಂಗಳೂರು. ಸಮುದ್ರದ ಮಂಗಳೂರು ಅಂದುಕೊಳ್ಳಬೇಡಿ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಅಲ್ಲಿಯೂ ಔಷಧಿ ಅಂಗಡಿ ಇದೆ. ಆದರೆ ಅಲ್ಲಿ ಗುಳಿಗೆ ಕೊಂಡರೆ ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ.

ಕೌಂಟರಿನಲ್ಲಿದ್ದವನು ತಲೆಯೆತ್ತಿದ. "ಯಾರಿಗ್ರಿ?"

"ನಮ್ಮಕ್ಕಗ."

ಅವನ ಕಣ್ಣು ಅವಳ ಭುಜದ ಮೇಲೆ ಬಿದ್ದಿದ್ದ ಎರಡು ಉದ್ದನೆಯ ಕೂದಲಿನವರೆಗೆ ಹೋಗಿ, ಮರ್ಯಾದೆಯಿಂದ ಹಿಂದಕ್ಕೆ ಬಂತು.

"ಬಯೋಟಿನ್ ಅಂತೇಳಿ ಬರ್ತಾವ್ರಿ. ದಿನಕ್ಕ ಒಂದ ತಗೋಬೇಕು ಅನ್ರಿ ಅಕ್ಕಾರಿಗೆ. ಮೂರು ನುಂಗಿದ್ರ ಮೂರು ಪಟ್ಟು ಬೆಳಿಯಾಂಗಿಲ್ಲ ಮತ್ತ."

ಸ್ಕಾರ್ಫಿನೊಳಗೆ ಮಲ್ಲೇಶ್ವರಿಗೆ ನಗು ಬಂತು. ಅದು ಕಣ್ಣಿನಲ್ಲಿ ಕಂಡೇಬಿಟ್ಟಿತು. ಅವನೂ ನಕ್ಕ. 'ಗುಳಿಗೆ ಮಾರುವವನು ನಕ್ಕರೆ ನಿನಗೇನೇ?' ಎಂದು ತನ್ನನ್ನೇ ಬೈದುಕೊಂಡು ಅವಳು ಬಸ್ಸು ಹತ್ತಿದಳು.

ಮುಂದಿನ ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದವಳು ತಲೆಯೆತ್ತಿದರೆ… ಅವನೇ! ಹೆಸರು ಸಿದ್ದಲಿಂಗೇಶ. ಫಾರ್ಮಸಿ ಓದಿ ಸ್ವಂತ ಮೆಡಿಕಲ್ ಶಾಪ್ ಇಟ್ಟವನು.

ಇಬ್ಬರೂ ನಾಲ್ಕು ಮಾತಾಡಲಿ ಎಂದು ಹಿರಿಯರು ಮಾಳಿಗೆಗೆ ಕಳಿಸಿದರು. ಅವನು ಗಂಭೀರವಾಗಿ ಕೇಳಿದ, "ಅಕ್ಕಾರ ಕೂದ್ಲ ಈಗ ಹೆಂಗ ಅದಾವ್ರಿ?"

ಮಲ್ಲೇಶ್ವರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ನಾನಂತ ಹೆಂಗ ಗೊತ್ತಾತ್ರಿ?"

"ಕೆಳಗ ಹೆಸರು ಹೇಳಿದ್ರಲ್ಲ. ಆ ದನಿ ಒಂದು ವಾರದಿಂದ ಕಿವಿಯಾಗ ಐತ್ರಿ."

ಅಷ್ಟೇ. ಹುಡುಗಿಯ ಮನಸ್ಸು ಅಲ್ಲಿಯೇ, ಆ ಮಾಳಿಗೆಯ ಮೇಲೆಯೇ ಕೈತಪ್ಪಿ ಹೋಯಿತು.

ಆದರೆ ಕೆಳಗೆ ಇಳಿದಾಗ ಒಂದು ಮಾತು ಕಾದಿತ್ತು. ಸಿದ್ದಲಿಂಗೇಶನ ಸೋದರತ್ತೆ ಹೊಳಿಯಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದಳು, "ನಮ್ಮ ಮನಿತನದಾಗ ಒಂದು ಪದ್ಧತಿ ಐತ್ರಿ. ನಿಶ್ಚೇದ ದಿನ ಹುಡುಗಿ ಕೂದ್ಲ ಬಿಚ್ಚಿ, ಎಣ್ಣಿ ಹಚ್ಚಿ, ಬಾಚಿ, ಹೆಳಲ ಹಾಕಿ ಹೂ ಮುಡಸಾಕಿ ನಾನ. ಎಲ್ಲಾ ಹೆಣಮಕ್ಕಳ ಮುಂದ. ಇನ್ನ ಐವತ್ತು ದಿನ ಐತಿ."

ಎಲ್ಲರ ಮುಂದೆ ಕೂದಲು ಬಿಚ್ಚಿದರೆ? ಬಾಚಣಿಗೆ ತುಂಬ ಕೂದಲು ಬಂದರೆ?

ಅವಳು ಅವತ್ತಿನಿಂದ ದಿನಕ್ಕೆ ಮೂರು ಗುಳಿಗೆ ನುಂಗತೊಡಗಿದಳು. ಅವನು ಬೇಡವೆಂದು ನಕ್ಕು ಹೇಳಿದ್ದನ್ನೇ ಮಾಡಿದಳು ನೋಡಿ.

ಮಲ್ಲೇಶ್ವರಿ ದುಡಿಯುವುದು ಬೀಜದ ಕಂಪನಿಯೊಂದರ ಟೊಮೆಟೊ ನೆಟ್‌ಹೌಸಿನಲ್ಲಿ. ಒಂದೊಂದೇ ಹೂವಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಪರದೆಯೊಳಗೆ, ತುಂಬುತೋಳಿನ ಅಂಗಿ ತೊಟ್ಟು, ಸ್ಕಾರ್ಫ್ ಬಿಗಿದು ನಿಲ್ಲಬೇಕು. ಸಂಜೆ ಐದೂವರೆಗೆ ಹೊರಗೆ ಬಂದರೆ ಅವನ ಫೋನು. ಊಟ ಏನು, ಬಿಸಿಲು ಎಷ್ಟು, ಗಿರಾಕಿ ಯಾರು ಜಗಳ ಮಾಡಿದರು… ಇಂಥವೇ ಮಾತು. ಅವಳಿಗೆ ಅಷ್ಟೇ ಹಬ್ಬ.

ಇಪ್ಪತ್ತೈದನೇ ದಿನ ಅವಳು ಸಾಲುಗಳ ನಡುವೆ ತಲೆಸುತ್ತಿ ಬಿದ್ದಳು. ಮೊದಲಿನಿಂದಲೂ ದಣಿವಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಯಾರಿಗೂ ಹೇಳದೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದಳು.

ಮರುದಿನ ರಿಪೋರ್ಟ್ ಫೋನಿಗೆ ಬಂತು. ಬಸ್ಸಿನಲ್ಲಿ ಕೂತೇ ತೆರೆದಳು.

ವಿಟಮಿನ್ ಡಿ ಒಂಬತ್ತು. ಬಿ12 ನೂರಾ ಹದಿನೆಂಟು. ಎರಡರ ಪಕ್ಕದಲ್ಲೂ ಕೆಳಗೆ ತೋರಿಸುವ ಕೆಂಪು ಬಾಣ. ಈ ಬಿಸಿಲಿನಲ್ಲಿ ಹುಟ್ಟಿ ಬೆಳೆದವಳಿಗೆ ಬಿಸಿಲಿನ ವಿಟಮಿನ್ ಇಲ್ಲವಂತೆ! ಅಷ್ಟಕ್ಕೆ ಅವಳು ಹೆದರುತ್ತಿರಲಿಲ್ಲ. ಬೆರಳು ಇನ್ನೂ ಕೆಳಗೆ ಸರಿಯಿತು. ಟಿ3, ಟಿ4 ಮಿತಿ ಮೀರಿ ಮೇಲೆ. ಟಿಎಸ್‌ಎಚ್ ಹೆಚ್ಚುಕಡಿಮೆ ಸೊನ್ನೆ. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಶಬ್ದ, ಥೈರಾಯ್ಡ್.

ಅವಳು ಫೋನು ಆರಿಸಿ, ಮತ್ತೆ ತೆರೆದು ಅದನ್ನೇ ಓದಿದಳು.

ಬೇರೆ ಮನೆಯಲ್ಲಿ ಅದೊಂದು ಕಾಯಿಲೆಯ ಹೆಸರು ಇರಬಹುದು. ಮಲ್ಲೇಶ್ವರಿಯ ಮನೆಯಲ್ಲಿ ಹಾಗಲ್ಲ. ಅವಳ ಅಕ್ಕ ಕಳಕಮ್ಮನನ್ನು ಗಂಗಾವತಿಗೆ ಕೊಟ್ಟಿದ್ದರು. ಎರಡು ಸಲ ಗರ್ಭ ನಿಲ್ಲಲಿಲ್ಲ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಎಂದು ಬಂದ ವಾರವೇ ಅತ್ತೆ ಒಂದು ಸೂಟ್‌ಕೇಸ್ ಕೈಗಿಟ್ಟು, "ಆರಾಮ ಆದ ಮ್ಯಾಲ ಬಾ" ಎಂದು ತವರಿಗೆ ಕಳಿಸಿದ್ದಳು. ಮೂರು ವರ್ಷವಾಯಿತು. ಕರೆಯಲು ಯಾರೂ ಬರಲಿಲ್ಲ. ಆ ಸೂಟ್‌ಕೇಸ್ ಇವತ್ತಿಗೂ ಬಾಗಿಲ ಪಕ್ಕದಲ್ಲೇ ಇದೆ, ಕಳಕಮ್ಮ ಅದನ್ನು ಬಿಚ್ಚಿಯೇ ಇಲ್ಲ.

'ಅವ್ವ ಇನ್ನೊಂದು ಸೂಟ್‌ಕೇಸ್ ನೋಡಬಾರದು… ಅವರ ಬಾಯಿಂದ ಹೋಗು ಅನ್ನಿಸಿಕೊಳ್ಳುವ ಮೊದಲು ನಾನೇ ಬಿಟ್ಟುಬಿಡಬೇಕು.'

ಅಂದು ಸಂಜೆ ಐದೂವರೆಗೆ ಫೋನು ಬಂದಾಗ ಅವಳು ಒಂದೇ ಮಾತು ಹೇಳಿದಳು.

"ನಾ ಒಲ್ಲೆ."

"ಏನು ಒಲ್ಲಿ?"

"ಈ ಮದುವಿ."

ಮರುದಿನ ಮಧ್ಯಾಹ್ನ ಅವನು ನೆಟ್‌ಹೌಸಿನ ಗೇಟಿನ ಹತ್ತಿರ ಬಂದು ನಿಂತಿದ್ದ. ಅಂಗಿಯೆಲ್ಲ ಧೂಳಾಗಿತ್ತು. ರಾತ್ರಿಯೆಲ್ಲ ನಿದ್ದೆ ಮಾಡದವನ ಮುಖ.

"ನನ್ನಿಂದ ಏನರ ತಪ್ಪಾಗೇತೇನು? ಅತ್ತಿ ಏನರ ಅಂದ್ಲೇನು? ಹೇಳು, ಮಲ್ಲೇಶ್ವರಿ."

'ನೀವು ಏನೂ ಮಾಡಿಲ್ಲ… ನಿಮ್ಮನ್ನು ಬಿಟ್ಟು ಬದುಕುವುದು ಹೇಗೆಂದು ನನಗೇ ಗೊತ್ತಿಲ್ಲ…' ಎದೆಯೊಳಗೆ ಹೀಗೆ ಕೂಗುತ್ತಿದ್ದರೂ ಅವಳು ಕೈಯಲ್ಲಿದ್ದ ಚಿಮಟವನ್ನೇ ನೋಡುತ್ತ ಹೇಳಿದಳು, "ನೀವು ನನಗ ಸೇರಲಿಲ್ಲ. ಅಷ್ಟರಿ."

ಅವನು ಬೈಕಿನ ಕಡೆ ತಿರುಗಿದ. "ಮಾಳಿಗಿ ಮ್ಯಾಲ ಹೇಳಿದ್ರ ಆಗತಿತ್ತಲ್ಲ. ಇಷ್ಟು ದಿನ ಮಾತಾಡಿಸಿ ಹೇಳಬಾರದಿತ್ತು."

ಬೈಕಿನ ಸದ್ದು ದೂರವಾಗುವವರೆಗೂ ಅವಳು ಅಲುಗಲಿಲ್ಲ. ಆಮೇಲೆ ಒಳಗೆ ಹೋಗಿ, ಟೊಮೆಟೊ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಸ್ಕಾರ್ಫ್ ಬಾಯಿಗೆ ತುರುಕಿಕೊಂಡು ಅತ್ತಳು. ಅವತ್ತು ಎಷ್ಟು ಹೂವು ಹಾಳು ಮಾಡಿದಳೋ ಲೆಕ್ಕವಿಲ್ಲ. ಐದೂವರೆಯಾಯಿತು. ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಬೇಡ ಅಂದವಳು ತಾನೇ, ಆದರೂ ಆ ಹೊತ್ತಿಗೆ ಫೋನು ಕೈಯಲ್ಲಿ ಹಿಡಿದು ನಿಲ್ಲುವುದನ್ನು ಬಿಡಲಾಗಲಿಲ್ಲ. ಕೂದಲು ಇನ್ನಷ್ಟು ಉದುರಿತು. ಅದಕ್ಕೆ ಅವಳು ಗುಳಿಗೆ ನುಂಗುತ್ತಲೇ ಇದ್ದಳು, ಯಾರ ಸಲುವಾಗಿಯೋ.

ತಂಗಿ ಉಣ್ಣುತ್ತಿಲ್ಲ, ಮಾತಾಡುತ್ತಿಲ್ಲ ಎಂದು ಕಳಕಮ್ಮ ಒಂದು ದಿನ ಅವಳ ಫೋನು ತೆಗೆದು ನೋಡಿದಳು. ರಿಪೋರ್ಟ್ ಕಂಡಿತು. ಅವಳಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದನ್ನು ತನ್ನ ಫೋನಿಗೆ ಕಳಿಸಿಕೊಂಡು ಸೀದಾ ಕುಷ್ಟಗಿಯ ಬಸ್ಸು ಹತ್ತಿದಳು.

"ಆಕಿ ನಿಮ್ಮನ್ನ ಒಲ್ಲೆ ಅಂದಿಲ್ರಿ," ಎಂದಳು ಕೌಂಟರಿನ ಮುಂದೆ ನಿಂತು. "ನನ್ನ ನೋಡಿ ಹೆದರಿ ಹಂಗ ಅಂದಾಳ."

ಸಿದ್ದಲಿಂಗೇಶ ರಿಪೋರ್ಟನ್ನು ಎರಡು ಸಲ ಓದಿದ. "ಅಕ್ಕಾರ, ಆಕಿ ಕೂದ್ಲ ಗುಳಿಗಿ ದಿನಕ್ಕ ಎಷ್ಟು ತಗೋತಾಳ?"

"ಮೂರು ಡಬ್ಬಿ ಖಾಲಿ ಆಗ್ಯಾವ ನೋಡ್ರಿ."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. "ಮೊದಲ ಡಬ್ಬಿ ಕೊಟ್ಟಾಂವ ನಾನ. ರಕ್ತ ಕೊಡೂಕಿಂತ ಮೊದಲ ಇದನ್ನ ಬಿಡಬೇಕು ಅಂತ ಒಂದು ಮಾತು ಹೇಳಲಿಲ್ಲ ನಾನು. ನಕ್ಕೋತ ನಿಂತೆ."

ಮರುದಿನ ಅಕ್ಕ ತಂಗಿಯನ್ನು ಕುಷ್ಟಗಿಯ ಡಾಕ್ಟರ್ ಮೇಡಂ ಹತ್ತಿರ ಎಳೆದುಕೊಂಡೇ ಹೋದಳು. ಸಿದ್ದಲಿಂಗೇಶ ಹೊರಗಿನ ಬೆಂಚಿನಲ್ಲಿ ಕೂತಿದ್ದ, ಮಲ್ಲೇಶ್ವರಿಯ ಕಡೆ ನೋಡಲೇ ಇಲ್ಲ.

ಮೇಡಂ ಅವಳ ಕೈ ಮುಂದಕ್ಕೆ ಚಾಚಿಸಿ ನೋಡಿದರು, ನಾಡಿ ಹಿಡಿದರು. "ಥೈರಾಯ್ಡ್ ಇಷ್ಟು ಏರಿದ್ರ ಕೈ ನಡುಗಬೇಕವಾ, ಎದಿ ಓಡಬೇಕು. ನಿಂದು ಎರಡೂ ಛಲೋ ಅದಾವ. ಆ ಗುಳಿಗಿ ಹೆಚ್ಚ ತಗೊಂಡ್ರ ಕೆಲವು ಮಷಿನ್ನಿನ್ಯಾಗ ಈ ಟೆಸ್ಟ್ ತಪ್ಪು ತೋರಸ್ತೈತಿ. ಬಂದ್ ಮಾಡು. ಹತ್ತು ದಿನ ಬಿಟ್ಟು ಮತ್ತ ರಕ್ತ ಕೊಡು, ಅಲ್ಲೀತನ ನಾನೂ ಖಾತ್ರಿ ಹೇಳಂಗಿಲ್ಲ. ಬಿ12, ಡಿ ಕಡಿಮಿ ಇರೋದು ಮಾತ್ರ ಖರೇನ. ನಿನ್ನ ದಣಿವು, ಚಕ್ಕರ ಅದಕ್ಕ ಇರಬೇಕು. ಔಷಧ ಬರದು ಕೊಡ್ತೀನಿ."

ಬಾಗಿಲ ಬಳಿ ನಿಂತಿದ್ದ ಕಳಕಮ್ಮ ಮೆಲ್ಲಗೆ ಕೇಳಿದಳು, "ನನಗ ಆ ಟಿಎಸ್‌ಎಚ್ ಹನ್ನೊಂದು ಇತ್ರಿ ಮೇಡಂ. ಅದಕ್ಕೇನರ ಔಷಧ ಐತೇನ್ರಿ?"

"ದಿನಾ ಮುಂಜಾನೆ ಒಂದು ಗುಳಿಗಿ. ಹಂಗ ತಗೊಂಡು ಎಷ್ಟೋ ಮಂದಿ ಮಕ್ಕಳನ್ನ ಹಡದಾರ. ಯಾಕ, ನಿನಗ ಯಾರೂ ಕೊಡಸಲಿಲ್ಲೇನು?"

"ಇಲ್ರಿ," ಎಂದಳು ಕಳಕಮ್ಮ. "ನನಗ ಸೂಟ್‌ಕೇಸ್ ಕೊಟ್ರು."

ಮಲ್ಲೇಶ್ವರಿ ಅಕ್ಕನ ಕೈ ಹಿಡಿದುಕೊಂಡಳು. ಆ ದಿನ ಮನೆಗೆ ಹೋದವಳೇ ಕಳಕಮ್ಮ ಸೂಟ್‌ಕೇಸ್ ತೆರೆದು, ಸೀರೆಗಳನ್ನು ಒಂದೊಂದಾಗಿ ಕೊಡವಿ ಗೂಟಕ್ಕೆ ಹಾಕಿದಳು. ಅವ್ವ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಹತ್ತು ದಿನ ಕಳೆದವು. ಮಲ್ಲೇಶ್ವರಿ ಮತ್ತೆ ರಕ್ತ ಕೊಟ್ಟಳು. ಮರುದಿನ ಮುಂಜಾನೆ ನೆಟ್‌ಹೌಸಿನ ಹೊರಗೆ, ಬೇವಿನ ಮರದ ನೆರಳು ದಾಟಿ ಬಿಸಿಲಿನಲ್ಲಿ ಕೂತಿದ್ದಳು. ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಬೇಕೆಂದು ಮೇಡಂ ಹೇಳಿದ್ದರು. ಬೈಕು ಬಂದು ನಿಂತಿತು. ಅದೇ ಹೊತ್ತಿಗೆ ಫೋನೂ ಸದ್ದು ಮಾಡಿತು. ರಿಪೋರ್ಟ್.

ಅವಳು ಫೋನನ್ನು ಸಿದ್ದಲಿಂಗೇಶನ ಕಡೆ ಚಾಚಿದಳು. "ನೀವ ನೋಡ್ರಿ. ನನ್ನ ಕೈಲಿ ಆಗಂಗಿಲ್ಲ."

ಅವನು ಅದನ್ನು ಇಸಿದುಕೊಂಡು, ತೆರೆಯದೆ ಮೊಳಕಾಲ ಮೇಲೆ ಬೋರಲಿಟ್ಟ.

"ನನಗ ಸಿಟ್ಟು ಐತಿ ನಿನ್ನ ಮ್ಯಾಲ. ಬ್ಯಾನಿ ಮುಚ್ಚಿಟ್ಟಿ ಅಂತಲ್ಲ. ನನ್ನ ಒಂದ ಮಾತು ಕೇಳದ, ನಾನೂ ನಿಮ್ಮಕ್ಕನ ಗಂಡನಂಥಾವ ಅಂತ ತಿಳಕೊಂಡಿ. ಅದು ನನಗ ಭಾಳ ಹತ್ತಿತು."

"ತಪ್ಪಾತ್ರಿ…" ಅವಳ ಕಣ್ಣೀರು ಸ್ಕಾರ್ಫಿನ ಮೇಲೆ ಇಳಿಯಿತು. "ನಿಮ್ಮ ಬಾಯಿಂದ ಹೋಗು ಅನ್ನಿಸಿಕೊಂಡು ಬದುಕಾಕ ಆಗತಿದ್ದಿಲ್ಲ. ಅದಕ್ಕ ನಾನ ಅಂದೆ."

"ಮನ್ಯಾಗ ಎಲ್ಲಾ ಹೇಳಿ ಬಂದೀನಿ. ಅತ್ತಿಗೂ ಹೇಳೀನಿ. ಇದರಾಗ ಏನರ ಇರಲಿ, ಗುಳಿಗಿ ಬೇಕಂದ್ರ ಜೀವನಪೂರ್ತಿ ನಾನ ತಂದು ಕೊಡಾಂವ. ಈಗ ಹೇಳು. ತಗದು ನೋಡಿದ ಮ್ಯಾಲ ಹೂಂ ಅಂದ್ರ ನನಗ ಬ್ಯಾಡ."

ಅವಳು ಬೋರಲು ಬಿದ್ದ ಫೋನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಸ್ಕಾರ್ಫ್ ಬಿಚ್ಚಿ ಪಕ್ಕಕ್ಕಿಟ್ಟಳು.

"ನೀವು ಸೇರಲಿಲ್ಲ ಅಂದಿದ್ದು ಸುಳ್ಳರಿ. ನೀವಂದ್ರ ನನಗ ಜೀವ. ಹೂಂ."

ಆಮೇಲೆಯೇ ಅವನು ಫೋನು ತಿರುಗಿಸಿದ. ಟಿ3, ಟಿ4, ಟಿಎಸ್‌ಎಚ್ ಮೂರೂ ಮಿತಿಯೊಳಗೇ ಇದ್ದವು. ಒಂದಕ್ಕೂ ಕೆಂಪು ಬಾಣವಿರಲಿಲ್ಲ. ಅವಳು ಅವನ ತೋಳಿಗೆ ಹಣೆ ಹಚ್ಚಿ ಅತ್ತಳು, ಇಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು. ಅವನು ಅಳಲು ಬಿಟ್ಟ.

ಸ್ವಲ್ಪ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು ಕೇಳಿದಳು, "ಕೂದ್ಲ ಮಾತ್ರ ಹೋಗ್ಯಾವ್ರಿ. ಹೊಳಿಯಮ್ಮತ್ತಿ ಎಲ್ಲಾರ ಮುಂದ ಬಿಚ್ಚಿದ್ರ?"

"ಆಕಿ ಹೆಳಲಿನ್ಯಾಗ ಅರ್ಧ ಚೌರಿನ ಐತಿ. ನಿನ್ನ ಸಲುವಾಗಿ ಒಂದು ಚೌರಿ ಆಗಲೇ ತಗದು ಇಟ್ಟಾಳ."

ಮಲ್ಲೇಶ್ವರಿ ಅಳುತ್ತಲೇ ನಕ್ಕಳು. "ನಿಮಗ ಬ್ಯಾಸರಿಲ್ಲೇನ್ರಿ, ಇಷ್ಟ ಕೂದ್ಲ?"

"ಹೂ ನಿಲ್ಲುವಷ್ಟು ಇದ್ರ ಸಾಕು."

"ನಿಲ್ಲಲಿಲ್ಲಂದ್ರ?"

"ನಾ ಹಿಡಕೊಂಡು ನಿಂದರ್ತೀನಿ."