ಖುಷ್ನುಮಾ ವಾಪಸ್ ಬರುವ ದಾರಿ

ನಾಗಲಿಂಗಯ್ಯನವರಿಗೆ ಸಿಟ್ಟಿದ್ದದ್ದು ಖುಷ್ನುಮಾಳ ಮೇಲಲ್ಲ, ಚನ್ನಮಲ್ಲಮ್ಮನ ಸೊಂಟದ ಮೇಲೆ. ಆ ಮುದುಕಿ ಬಚ್ಚಲಲ್ಲಿ ಜಾರಿ ಬೀಳದೇ ಇದ್ದಿದ್ದರೆ ಹುಡುಗಿ ಇಲ್ಲೇ ಇರುತ್ತಿದ್ದಳು.

ಅವರು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸು ಕೂಗುತ್ತಿದ್ದವರು. ಪಾವಗಡ, ಶಿರಾ, ಕೊರಟಗೆರೆ ಅಂತ ಅವರು ಬಾಯಿ ತೆಗೆದರೆ ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಿದ್ದರು. ರಿಟೈರಾಗಿ, ಹೆಂಡತಿಯೂ ತೀರಿಕೊಂಡ ಮೇಲೆ ಆ ದನಿಗೆ ಕೆಲಸವೇ ಉಳಿಯಲಿಲ್ಲ. ಮಕ್ಕಳಿಲ್ಲ. ಒಂದು ಬೆಳಿಗ್ಗೆ ಹಾಲಿನವನನ್ನು ಮಾತಾಡಿಸಲು ಹೋದರೆ ಗಂಟಲಿಂದ ಸ್ವರವೇ ಹೊರಡಲಿಲ್ಲ. ಮೊಣಕಾಲಿನ ಆಪರೇಷನ್ ಆದಾಗ ತಂಗಿಯ ಮಗಳು ಯಶಸ್ವಿನಿ, ವಯಸ್ಸಾದವರ ಆರೈಕೆಗೆ ಜನ ಕಳಿಸುವ ಏಜೆನ್ಸಿಯಿಂದ ಶಿರಾದ ಖುಷ್ನುಮಾಳನ್ನು ಗೊತ್ತುಮಾಡಿದಳು. ಮಾತ್ರೆ ಕೊಡುವುದು, ಕೈಹಿಡಿದು ನಡೆಸುವುದು ಅವಳ ಕೆಲಸ. ಆದರೆ ಅವಳು ಚೌಕಾಬಾರದಲ್ಲಿ ಮೋಸ ಮಾಡಿ ಗೆಲ್ಲುತ್ತಿದ್ದಳು. ಹುರುಳಿಕಾಯಿ ಬಿಡಿಸುತ್ತಾ, "ತಾತ, ಪಾವಗಡದ ಬಸ್ಸು ಕೂಗಿ" ಅನ್ನುತ್ತಿದ್ದಳು. ಅವರು ಕೂಗುತ್ತಿದ್ದರು.

ಕಾಲು ನೆಟ್ಟಗಾಯಿತು. ಏಜೆನ್ಸಿಯ ನಾಗಭೂಷಣ್ ಬಂದು, ನಿಮಗಿನ್ನು ಆಳು ಬೇಕಿಲ್ಲ ಸಾರ್ ಎಂದು, ಅವಳನ್ನು ಹಿಂದಿನ ಬೀದಿಯ ಚನ್ನಮಲ್ಲಮ್ಮನ ಮನೆಗೆ ಹಾಕಿದ. ನಾಗಲಿಂಗಯ್ಯ ಮನೆಯೊಳಗೇ ಶತಪಥ ತಿರುಗಿದರು. ರೇಡಿಯೋ ಹಾಕಿದರು, ಆರಿಸಿದರು. ಚೌಕಾಬಾರದ ಕವಡೆಗಳನ್ನು ಒಬ್ಬರೇ ಎಸೆದು ನೋಡಿದರು.

ಹಾಗೆ ತಿರುಗುತ್ತಿರುವಾಗಲೇ ಉಪಾಯ ಹೊಳೆದದ್ದು. ಚನ್ನಮಲ್ಲಮ್ಮನ ಮನೆಯಲ್ಲಿ ಏನಾದರೂ ಕಳುವಾದರೆ ಮೊದಲು ಕಣ್ಣು ಬೀಳುವುದು ಹೊರಗಿಂದ ಬಂದ ಹುಡುಗಿಯ ಮೇಲೆ. ಅಲ್ಲಿಂದ ಬಿಡಿಸುತ್ತಾರೆ. ಕಳ್ಳಿ ಅನ್ನಿಸಿಕೊಂಡವಳನ್ನು ಬೇರೆ ಯಾರೂ ಸೇರಿಸುವುದಿಲ್ಲ. ಆಗ ಊರಲ್ಲಿ ಅವಳಿಗೆ ತೆರೆದಿರುವುದು ಒಂದೇ ಬಾಗಿಲು. ಕದ್ದದ್ದನ್ನು ತಿಂಗಳು ಕಳೆದು ಮುದುಕಿಯ ಹಾಸಿಗೆಯ ಸಂದಿಗೆ ತುರುಕಿದರಾಯಿತು, ಹುಡುಗಿಯ ಮೇಲಿನ ಅಪವಾದವೂ ತೊಳೆದುಹೋಗುತ್ತದೆ. ಇದರಲ್ಲಿ ಯಾರಿಗೆ ಏನು ಅನ್ಯಾಯ?

ಮುದುಕಿಯ ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಎರಡು ಸಲ ಹೋಗಿ ಬಂದರು. ಸೊಸೆ ಟೀಚರ್, ಹಗಲು ಮನೆಯಲ್ಲಿರುವುದಿಲ್ಲ. ಮುದುಕಿ ಊಟವಾದ ಮೇಲೆ ಎರಡೂ ಚಿನ್ನದ ಬಳೆ ಬಿಚ್ಚಿ ದಿಂಬಿನ ಪಕ್ಕ ಇಟ್ಟು ಮಲಗುತ್ತದೆ. ಆ ಹೊತ್ತಿಗೆ ಖುಷ್ನುಮಾ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಾಳೆ. ತಮ್ಮ ಮನೆಯಲ್ಲಿದ್ದಾಗಲೂ ಅವಳದು ಅದೇ ಪದ್ಧತಿ. ಎರಡೂ ಬಳೆ ಎತ್ತುವವನು ಕಳ್ಳ, ಒಂದನ್ನು ಎತ್ತುವವಳು ಮನೆಗೆಲಸದವಳು ಎಂದು ಲೆಕ್ಕ ಹಾಕಿದಾಗ ತಮ್ಮ ಬುದ್ಧಿಗೆ ತಾವೇ ತಲೆದೂಗಿದರು.

ಶುಕ್ರವಾರ ಮಧ್ಯಾಹ್ನ, ಬೆಟ್ಟದ ಬಂಡೆ ಕಾದು ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ನೋಡಿದವರಿಗೆ ಅಯ್ಯನವರು ಮಲಗಿದ್ದಾರೆ ಅನ್ನಿಸಬೇಕು. ಹಿಂಬಾಗಿಲಿಗೆ ಬೀಗ ಜಡಿದು ಗಲ್ಲಿಗೆ ಇಳಿದರು. ಚನ್ನಮಲ್ಲಮ್ಮನ ಮಹಡಿಯಲ್ಲಿ ಹಸಿ ಸೀರೆ ಹಾರಾಡುತ್ತಿತ್ತು. ಹಿತ್ತಿಲ ಬಾಗಿಲು ಬರೀ ಒರಗಿಸಿತ್ತು. ಮುದುಕಿಯ ಗೊರಕೆ ಏರಿ ಇಳಿಯುತ್ತಿತ್ತು. ಒಂದೇ ಬಳೆ ಎತ್ತಿಕೊಂಡರು. ಮನೆಗೆ ಬಂದು ರಾಗಿಹಿಟ್ಟಿನ ಡಬ್ಬಿಯಲ್ಲಿ ಅದನ್ನು ಹುಗಿದರು.

ಆಮೇಲೆ ಕಾದರು. ಚಿಲಕ ತೆಗೆಯದೆ ಬಾಗಿಲವರೆಗೂ ಬಂದರು, ಒಳಗೆ ಹೋದರು, ಮತ್ತೆ ಬಂದರು. ದೀಪ ಹಚ್ಚುವ ಹೊತ್ತಿಗೆ ನಾಗಭೂಷಣ್ ಬಂದ. ಚನ್ನಮಲ್ಲಮ್ಮನ ಬಳೆಯೊಂದು ಕಾಣುತ್ತಿಲ್ಲ, ಮನೆಯೆಲ್ಲ ರಂಪ ಆಗಿದೆ ಅಂದ.

ನಾಗಲಿಂಗಯ್ಯ ಅಂದುಕೊಂಡಿದ್ದಂತೆಯೇ ಮಾತು ಜೋಡಿಸಿದರು. "ನಾನು ಮಧ್ಯಾಹ್ನದಿಂದ ಮಂಚ ಬಿಟ್ಟು ಎದ್ದಿಲ್ಲ ಕಣಪ್ಪ, ನಂಗೇನೂ ಗೊತ್ತಾಗ್ಲಿಲ್ಲ. ಆದ್ರೆ ಆ ಹುಡುಗಿ ಅಂಥವಳಲ್ಲ. ನೀವು ಕೆಲಸದಿಂದ ತೆಗೆದ್ರೆ ತೆಗೀರಿ, ನಾನು ಇಟ್ಕೋತೀನಿ."

ನಾಗಭೂಷಣ್ ಹುಬ್ಬು ಗಂಟಿಕ್ಕಿದ. "ಅವಳನ್ನ ಯಾಕೆ ತೆಗೀಲಿ ಸಾರ್? ಬಳೆ ಹೋದ ಹೊತ್ತಲ್ಲಿ ಅವಳು ಆ ಮನೇಲೇ ಇರ್ಲಿಲ್ಲ. ತಾತ ಒಬ್ರೇ ಇರ್ತಾರೆ, ಸಂಜೆ ಹೊತ್ತು ಅವರ ಜೊತೆ ಕೂತ್ಕೋತೀನಿ ಅಂತ ವಾರದಿಂದ ನನ್ನ ಪ್ರಾಣ ತಿಂದಿದ್ಲು. ಇವತ್ತು ಒಪ್ಕೊಂಡೆ. ಅದನ್ನ ಹೇಳೋಕೆ, ಬಟ್ಟೆ ಮುಂಚೆನೇ ಒಣಹಾಕಿ, ಅಜ್ಜಿ ಮಲಗಿದ ತಕ್ಷಣ ನಿಮ್ಮನೆಗೇ ಓಡಿಬಂದ್ಲು. ಬಾಗಿಲು ಬಡಿದ್ರೆ ಸದ್ದಿಲ್ಲ. ನೀವು ಬಿದ್ದೋಗಿದ್ದೀರೇನೋ ಅಂತ ಹೆದರಿ ಎದುರುಮನೆ ದಾಸಮ್ಮನ್ನ ಕರ್ಕೊಂಡ್ಬಂದು, ಇಬ್ರೂ ಕಿಟಕಿಯಿಂದ ನೋಡಿದ್ರಂತೆ. ಮಂಚ ಖಾಲಿ ಇತ್ತಂತೆ. ಹಿಂದೆ ಬೀಗ. ಬಳೆ ಹಾಳಾಗೋಗ್ಲಿ, ಮೊದ್ಲು ತಾತ ಎಲ್ಲೋದ್ರು ನೋಡ್ಕೊಂಡು ಬನ್ನಿ ಅಂತ ಅಳ್ತಾ ಅವಳೇ ನನ್ನ ಕಳ್ಸಿದ್ದು." ಅವನು ದನಿ ತಗ್ಗಿಸಿದ. "ಎಲ್ಲಿಗೋಗಿದ್ರಿ ಸಾರ್?"