ಹುಬ್ಬಿನ ಮೇಲೊಂದು ಹೆಬ್ಬೆರಳು

"ಇನ್ನೂ ಜೋರಾಗಿ ಒತ್ತಿ. ಇದು ಕಡಿಮೆ ಆಯ್ತು."

ಅವಳು ಬೆಚ್ಚಿಬಿದ್ದಳು! ಸ್ಟೂಲಿನ ಮೇಲೆ ಕೂತವನ ಎಡಹುಬ್ಬು ಒಡೆದು ಬಾಯಿಬಿಟ್ಟಿತ್ತು. ಆ ಗಾಯದೊಳಕ್ಕೆ ಅವಳು ಬೇಕೆಂದೇ ಹೆಬ್ಬೆರಳಿನ ಉಗುರು ಇಳಿಸಿದ್ದಳು. ಬೇರೆ ಯಾರಾದರೂ ಆಗಿದ್ದರೆ ಕಿರುಚಿಕೊಂಡು ರಿಂಗ್ ಬಿಟ್ಟೇ ಓಡುತ್ತಿದ್ದರು. ಇವನು ಕಣ್ಣು ಕೂಡ ಮಿಟುಕಿಸಲಿಲ್ಲ.

'ಕಲ್ಲು ಇವನು... ನನ್ನಣ್ಣನನ್ನು ಬಡಿದು ಕೊಂದ ಕಲ್ಲು!'

ಹಗ್ಗದಾಚೆ ಜನ ಕುರ್ಚಿ ಕುಟ್ಟುತ್ತಿದ್ದರು. "ಕೊಲೆಗಾರ! ಕೊಲೆಗಾರ!" ಅದು ಬೈಗುಳವಲ್ಲ, ಜೈಕಾರ.

ಬಾಕ್ಸಿಂಗ್ ಹಾಲ್‌ನಲ್ಲಿ ಅವಳದ್ದು ಒಂದು ನಿಮಿಷದ ಕೆಲಸ. ಎರಡು ರೌಂಡುಗಳ ನಡುವೆ ಒಡೆದ ಮುಖವನ್ನು ಒತ್ತಿ ಹಿಡಿದು, ರಕ್ತ ನಿಲ್ಲಿಸಿ, ವ್ಯಾಸಲೀನ್ ಬಳಿದು, ಮತ್ತೆ ಏಟು ತಿನ್ನಲು ಕಳಿಸಬೇಕು. ಎಲ್ಲರೂ ಅವಳನ್ನು 'ಹತ್ತಿ' ಎಂದೇ ಕರೆಯುತ್ತಿದ್ದರು. ಹೆಸರಷ್ಟೇ ಮೆತ್ತಗೆ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಗಂಟೆ ಹೊಡೆಯಿತು. ಅವನು ಎದ್ದು ಹೋಗಿ ಎದುರಾಳಿಯ ದವಡೆಗೆ ಕೊಟ್ಟ ಏಟಿಗೆ ಹಲ್ಲೊಂದು ಹಾರಿ ಹತ್ತಿಯ ಕಾಲ ಬಳಿ ಬಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತಲೇ ಇದ್ದಳು.

ಆಟ ಮುಗಿದಿದ್ದೇ ತಡ, ಹತ್ತಿ ಮಾವನ ಕೋಣೆಗೆ ನುಗ್ಗಿದಳು. ಹಾಲ್‌ನ ಯಜಮಾನ ಅವನೇ, ಅವಳ ಅಮ್ಮನ ಸ್ವಂತ ತಮ್ಮ.

"ನಿಮಗೆ ನಾಚಿಕೆ ಆಗಲ್ವಾ ಮಾವಾ? ನಿಮ್ಮಕ್ಕನ ಮಗ ಸತ್ತಿದ್ದು ಇದೇ ಹಾಲ್ ಹಿಂದಿನ ಓಣೀಲಿ! ಕೊಂದೋನನ್ನೇ ಕರ್ಕೊಂಡು ಬಂದು ಆಡಿಸ್ತಿದೀರಲ್ಲಾ!"

"ಕೋರ್ಟು ಅವನನ್ನ ಬಿಟ್ಟಿದೆ ಕಣಮ್ಮಾ."

"ಮತ್ತೆ ಇದೇನು?" ಅವಳು ಗೋಡೆಯ ಪೋಸ್ಟರ್ ತೋರಿಸಿದಳು. ಅವನ ಮುಷ್ಟಿಯ ಚಿತ್ರ. ಕೆಳಗೆ ಕೆಂಪು ಅಕ್ಷರ: 'ಕೋರ್ಟು ಬಿಟ್ಟಿದೆ... ಇವನು ಬಿಡ್ತಾನಾ?'

ಮಾವ ನಕ್ಕ. "ನಿರಪರಾಧಿ ಅಂತ ಬರೆಸಿದ್ರೆ ನೋಡೋಕೆ ಯಾರು ಬರ್ತಾರೆ? ಇಷ್ಟು ದಿನ ನೊಣ ಹೊಡೀತಾ ಕೂತಿದ್ವಿ. ಈಗ ನಿಲ್ಲೋಕೂ ಜಾಗ ಇಲ್ಲ. ನಿಮ್ಮಮ್ಮನ ಔಷಧಿನೂ ಅದರಲ್ಲೇ ಬರೋದು, ನೆನಪಿರಲಿ."

'ಅಂದ್ರೆ... ನಾನೂ ಅಣ್ಣನ ಸಾವನ್ನೇ ತಿಂತಿದೀನಾ?'

ಅಣ್ಣ ಸತ್ತ ಸಂಜೆ ಅವಳು ಜ್ವರದಿಂದ ಮಲಗಿದ್ದಳು. ಅಣ್ಣ ಇವನೊಂದಿಗೇ ಆಡಿ, ಗೆದ್ದು, ಓಣಿಗೆ ಇಳಿದಿದ್ದ. ಯಾರೋ ಕಬ್ಬಿಣದ ರಾಡಿನಿಂದ ಹೊಡೆದಿದ್ದರು. ಜನ ಓಡಿ ಬಂದಾಗ ಸೋತ ಇವನು ಅಣ್ಣನ ಪಕ್ಕ ಮಂಡಿಯೂರಿದ್ದ, ಮೊಣಕೈವರೆಗೂ ರಕ್ತ! ಕೇಸು ವರ್ಷಗಟ್ಟಲೆ ನಡೆದು ಇವನಿಗೆ ಬಿಡುಗಡೆಯಾಯಿತು. ಹತ್ತಿ ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಆ ಮುಖ ನೋಡುವ ಶಕ್ತಿ ಇರಲಿಲ್ಲ.

ಈಗ ವಾರ ವಾರವೂ ಅದೇ ಮುಖವನ್ನು ಅಂಗೈಯಲ್ಲಿ ಹಿಡಿಯಬೇಕು!

ದ್ವೇಷಿಸುವುದೇನೂ ಸುಲಭವಿರಲಿಲ್ಲ. ಬಿದ್ದವನ ಮೇಲೆ ಅವನು ಎಂದೂ ಕೈ ಎತ್ತುತ್ತಿರಲಿಲ್ಲ. ಆಟ ಮುಗಿದ ಮೇಲೆ ಅವಳ ರಕ್ತದ ಬಟ್ಟಲನ್ನು ತಾನೇ ತೊಳೆದಿಡುತ್ತಿದ್ದ. ಅವಳು ನೋಡದ ಹಾಗೆ ನೋಡುತ್ತಿದ್ದಳು. ನೋಡಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಸಂಜೆ ಬಾಗಿಲಲ್ಲಿ ಹುಡುಗರ ಗುಂಪು ಅವನನ್ನು ಮುತ್ತಿತು.

"ಅಣ್ಣಾ, ನನ್ನ ಕತ್ತು ಹಿಸುಕೋ ಥರ ನಿಂತ್ಕೋ, ಒಂದು ಫೋಟೋ!"

ಮಾವ ಕಣ್ಸನ್ನೆ ಮಾಡಿದ. ಅವನು ಕತ್ತು ಹಿಡಿದು ನಿಂತ. ಹಲ್ಲು ಕಿರಿದ. ಹತ್ತಿಯ ಮೈಯೆಲ್ಲ ಉರಿದುಹೋಯಿತು!

ಬಚ್ಚಲಿನವರೆಗೂ ಅಟ್ಟಿಸಿಕೊಂಡು ಹೋದಳು. ಅವನು ಗೋಡೆ ಹಿಡಿದು ವಾಂತಿ ಮಾಡುತ್ತಿದ್ದ.

"ಸತ್ತೋನ ತಂಗಿ ಎದುರಿಗೇ ಪೋಸು ಕೊಡ್ತೀಯಾ? ನಾನ್ಯಾರು ಅಂತ ಗೊತ್ತಾ ನಿಂಗೆ?"

"ಮೊದಲ ದಿನವೇ ಗೊತ್ತಾಯ್ತು," ಅವನು ಬಾಯಿ ಒರೆಸಿಕೊಂಡ. "ಬೈಯೋಕೆ ಮುಂಚೆ ಅವನ ಥರಾನೇ ಮೂಗು ಉಬ್ಬಿಸ್ತೀರಿ."

"ಗೊತ್ತಿದ್ದೂ ಆ ಹೆಸರು ಮಾರ್ಕೊಂಡು ತಿಂತಿದೀಯಾ?"

"ಯಾರೂ ಕೆಲಸ ಕೊಡ್ಲಿಲ್ಲ. ಬೀದೀಲಿ ಬಿಟ್ಟಿಯಾಗೇ ಕೊಲೆಗಾರ ಅಂತಿದ್ರು. ನಿಮ್ಮ ಮಾವ ಅದಕ್ಕೊಂದು ಟಿಕೆಟ್ ಇಟ್ಟರು, ಅಷ್ಟೆ."

"ಹಾಗಾದ್ರೆ ಹೇಳು! ಕೊಂದಿಲ್ಲ ಅಂತ ನನ್ನ ಮುಖ ನೋಡಿ ಹೇಳು!"

ಅವನು ತಲೆ ತಗ್ಗಿಸಿದ.

ಫಟಾರ್! ಅವಳು ಬಾರಿಸಿದ ಏಟಿಗೆ ಹಳೆಯ ಗಾಯ ಬಿರಿದು ಕಣ್ಣಿಗೆ ರಕ್ತ ಇಳಿಯಿತು. ಮರುಕ್ಷಣವೇ... ಹೊಡೆದ ಕೈ ತಾನಾಗಿ ಮೇಲೆದ್ದು ಅವನ ಹುಬ್ಬನ್ನು ಒತ್ತಿ ಹಿಡಿಯಿತು. ಇಬ್ಬರ ಉಸಿರೂ ಒಂದಕ್ಕೊಂದು ತಾಗುವಷ್ಟು ಹತ್ತಿರ!

'ಥೂ, ಈ ಕೈಗೆ ಮಾನ ಮರ್ಯಾದೆ ಇಲ್ಲ!' ಅಳು ಬಂದು ಓಡಿಹೋದಳು.

ಮುಂದಿನ ಆಟಕ್ಕೆ ಮಾವ ಬಾಗಿಲಗಲದ ಎದುರಾಳಿಯನ್ನು ತಂದಿದ್ದ. "ಕೊಲ್ಲು! ಕೊಲ್ಲು!" ಎಂದು ಹಾಲ್ ಅಬ್ಬರಿಸಿತು. ಆದರೆ ಅಂದು ಇವನ ಕೈ ಏಳಲೇ ಇಲ್ಲ. ಪಕ್ಕೆಗೊಂದು, ಮೂಗಿಗೊಂದು, ಹುಬ್ಬಿಗೊಂದು... ಕೊನೆಯ ಏಟಿಗೆ ಹಾರಿಬಿದ್ದು ತಲೆ ರಿಂಗಿನ ಕಂಬಕ್ಕೆ ಬಡಿಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಎಳೆದು ತಂದು ಸ್ಟೂಲಿಗೆ ಕೂರಿಸಿದರು.

ಹತ್ತಿಯ ಹೆಬ್ಬೆರಳು ಅಭ್ಯಾಸದಂತೆ ಹುಬ್ಬಿಗೆ ಹೋಯಿತು. ಅವನು ಗ್ಲೌಸ್ ತೊಟ್ಟ ಕೈಯಿಂದಲೇ ಅವಳ ಮಣಿಕಟ್ಟು ತಡೆದ. ಕಣ್ಣು ಎಲ್ಲೋ ಇತ್ತು.

"ಹುಬ್ಬಲ್ಲ... ಅದಲ್ಲ... ತಲೆ ಹಿಂದೆ ನೋಡಿ..."

"ಏನು ಹೇಳ್ತಿದೀಯಾ?"

"ರಿಂಗಲ್ಲಿ ನಿಮ್ಮಣ್ಣನ ಹುಬ್ಬು ಒಡೆದೋನು ನಾನೇ ಅಲ್ವಾ... ಓಣೀಲಿ ಅದೇ ಮತ್ತೆ ಬಿಚ್ಕೊಂಡಿದೆ ಅಂದ್ಕೊಂಡೆ. ಅದನ್ನೇ ಒತ್ತಿ ಹಿಡಿದೆ. ಎಷ್ಟು ಒತ್ತಿದ್ರೂ ರಕ್ತ ನಿಲ್ಲಲಿಲ್ಲ..." ಅವನು ತಲೆ ಅಲ್ಲಾಡಿಸಿದ. "ಒಡೆದಿದ್ದು ತಲೆ ಹಿಂದೆ! ನಾನು ಹಿಂದೆ ನೋಡ್ಲೇ ಇಲ್ಲ. ನೋಡಿದ್ರೆ ಉಳೀತಿದ್ನೋ ಏನೋ..."

ಮೊಣಕೈವರೆಗಿನ ಆ ರಕ್ತ... ಹೊಡೆದಿದ್ದರಿಂದ ಬಂದದ್ದಲ್ಲ! ರಿಂಗಿನವರ ಕಣ್ಣು ಮೊದಲು ಹುಬ್ಬಿಗೇ ಹೋಗುತ್ತದೆ. 'ನಾನಿದ್ದಿದ್ದರೂ ನನ್ನ ಕೈ ಅಲ್ಲಿಗೇ ಹೋಗುತ್ತಿತ್ತು... ಈಗಲೂ ಹೋಯಿತಲ್ಲ!'

ಕೆಳಗೆ ನಿಂತಿದ್ದ ಮಾವನತ್ತ ತಿರುಗಿದಳು. "ಕೋರ್ಟಲ್ಲಿ ಇದನ್ನ ಹೇಳಿದ್ರಾ? ನೀವಿದ್ರಲ್ಲಾ ಅಲ್ಲಿ!"

ಮಾವ ಮುಖ ತಿರುಗಿಸಿದ. "ಉಳಿಸೋಕೆ ನೋಡ್ದೋನು ಇವನು ಅಂತ ಡಾಕ್ಟರೇ ಹೇಳಿದ್ರು. ಅದನ್ನ ಪೋಸ್ಟರಲ್ಲಿ ಹಾಕೋಕಾಗುತ್ತಾ?"

ಅವಳು ಬಿಳಿ ಟವೆಲ್ ಎತ್ತಿ ರಿಂಗಿನ ಮಧ್ಯಕ್ಕೆ ಎಸೆದಳು. ಟವೆಲ್ ಬಿದ್ದರೆ ಆಟ ಮುಗಿದಂತೆ. ಮಾವನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಇವನು ಯಾರನ್ನೂ ಕೊಂದಿಲ್ಲ! ಸತ್ತೋನ ತಂಗಿ ನಾನು, ನಾನು ಹೇಳ್ತಿದೀನಿ!"

ಹಿಂದಿನ ಸಾಲಿಂದ ಒಬ್ಬ ಕೂಗಿದ: "ಮೋಸ! ದುಡ್ಡು ವಾಪಸ್ ಕೊಡಿ!"

ಕುರ್ಚಿ ಹಾರಿತು. ಬಾಟಲಿ ಹಾರಿತು. ಕೊಲೆಗಾರನಿಗೆ ಜೈ ಎಂದವರು ನಿರಪರಾಧಿಯನ್ನು ಕೊಲ್ಲಲು ಎದ್ದುನಿಂತರು! ಹತ್ತಿಯ ಹಣೆಗೆ ಬರುತ್ತಿದ್ದ ಬಾಟಲಿಗೆ ಅವನು ತೂರಾಡುತ್ತಲೇ ಬೆನ್ನು ಕೊಟ್ಟ. ಗಾಜು ಪುಡಿಪುಡಿಯಾಯಿತು. ಅವಳನ್ನು ಎದೆಗವುಚಿಕೊಂಡೇ ಒಳಕೋಣೆ ಸೇರಿದ. ಅವಳು ಚಿಲಕ ಹಾಕಿದಳು.

ಗಲಾಟೆ ಅಡಗಿದ ಮೇಲೆ ಬಾಗಿಲು ತಟ್ಟಿದ್ದು ಮಾವ. ಅಂಗಿ ಹರಿದಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಇದೇ ಒಳ್ಳೇದಾಯ್ತು ಬಿಡಿ! ಸತ್ತೋನ ತಂಗಿ, ಕೊಲೆಗಾರನ ಪ್ರೇಯಸಿ... ಇಬ್ಬರೂ ಜೊತೆಗೆ ನಿಂತ್ರೆ ಪೋಸ್ಟರ್ ಹೇಗಿರುತ್ತೆ! ಊರಿಗೆ ಊರೇ ಬರುತ್ತೆ!"

ಅವನು ಗ್ಲೌಸ್ ಕಳಚಿ ಮಾವನ ಕಾಲ ಬುಡಕ್ಕೆ ಎಸೆದ.

"ನನಗೆ ಟಿಕೆಟ್ ಇಟ್ರಿ, ಸುಮ್ಮನಿದ್ದೆ. ತಪ್ಪು ಮಾಡಿದೆ. ಅವನ ಸಾವಿಂದ ನಾನೂ ತಿಂದೆ. ಇವರಿಗೆ ಟಿಕೆಟ್ ಇಡೋಕೆ ಬಿಡಲ್ಲ. ಹೋಗಿ!"

"ಅಮ್ಮನ ಔಷಧಿ ನಾನು ನೋಡ್ಕೋತೀನಿ ಮಾವಾ," ಎಂದಳು ಹತ್ತಿ. "ಬಾಗಿಲು ಹಾಕ್ಕೊಂಡು ಹೋಗಿ."

ಮಾವ ಹೋದ. ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

"ಇನ್ನು ನನ್ನನ್ನ ನೋಡೋಕೆ ಯಾರೂ ಬರಲ್ಲ," ಅವನು ಬೆಂಚಿನ ಮೇಲೆ ಕುಸಿದ.

"ನಾನಿದೀನಲ್ಲಾ... ನಿನ್ನನ್ನ ದ್ವೇಷಿಸೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ?"

"ಗೊತ್ತು. ನಿಮ್ಮ ಉಗುರು ಹೇಳ್ತಿತ್ತು."

ಅಳುತ್ತಲೇ ನಕ್ಕುಬಿಟ್ಟಳು. "ಆಗಲಿಲ್ಲ ಕಣೋ. ಪ್ರೀತಿ ಮಾಡಿಬಿಟ್ಟೆ! ತಲೆ ಬಗ್ಗಿಸು."

"ಹುಬ್ಬು ಸೋರ್ತಿದೆ ಹತ್ತೀ."

"ಸೋರಲಿ. ಮೊದಲು ಹಿಂದೆ ನೋಡ್ತೀನಿ."

ಅವಳ ಬೆರಳುಗಳು ಅವನ ಕೂದಲೊಳಗೆ ಇಂಚಿಂಚೂ ತಡವಿದವು. ಕಂಬಕ್ಕೆ ಬಡಿದಲ್ಲಿ ಊದಿತ್ತು, ಒಡೆದಿರಲಿಲ್ಲ. ಎರಡನೇ ಸಲವೂ ತಡವಿ ನೋಡಿದಳು. ಆಮೇಲೆಯೇ ಹೆಬ್ಬೆರಳು ಹುಬ್ಬಿಗೆ ಬಂತು.

"ಸ್... ನೋವಾಗ್ತಿದೆ," ಎಂದ ಅವನು. ಅವಳ ಮುಂದೆ ಆ ಮಾತು ಹೇಳಿದ್ದು ಇದೇ ಮೊದಲು!

"ಇಷ್ಟು ದಿನ ಆಗ್ತಿರಲಿಲ್ವಾ?"

"ಆಗಲಿ ಅನ್ಕೊಂಡಿದ್ದೆ. ಇವತ್ತು ಬೇಡ ಅನ್ಸುತ್ತೆ... ಮೆಲ್ಲಗೆ ಒತ್ತು."

"ಆಯ್ತು," ಎಂದಳು ಅವಳು. "ಮೆಲ್ಲಗೇ ಒತ್ತುತೀನಿ."